‘ಮೊದಲು ಥೀಸಿಸ್ ಮುಗಿಸು’ ಅಂತಾರೆ ಗೈಡ್. ಹಾಗಾದರೆ ಮುಂದಿನದನ್ನು ಯೋಚಿಸೋದು ಯಾವಾಗ?

ಪ್ರಶ್ನೆ: ಮೇಡಂ, ನಾನು ಕಲಬುರಗಿ ಕಡೆಯವಳು. ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಸಿಕ್ಕಿ, ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಬಯೋಕೆಮಿಸ್ಟ್ರಿ ಪಿಎಚ್.ಡಿ ಮಾಡುತ್ತಿದ್ದೇನೆ. ಮೂರೂವರೆ ವರ್ಷ ಆಯಿತು. ತೊಗರಿ ಬೀಜದಲ್ಲಿ ಸಿಗುವ ಪ್ರೋಟಿಯೇಸ್ ಇನ್‌ಹಿಬಿಟರ್ (ಹುಳುವಿನ ಜೀರ್ಣಕ್ರಿಯೆ ತಡೆಯುವ) ಪ್ರೋಟೀನುಗಳು ಕಾಯಿಕೊರಕ ಹುಳುವಿನ ಮೇಲೆ ಹೇಗೆ ಕೆಲಸ ಮಾಡುತ್ತವೆ ಅನ್ನೋದು ನನ್ನ ವಿಷಯ. ಒಂದು ಪೇಪರ್ ಬಂದಿದೆ, ಇನ್ನೊಂದು ರಿವ್ಯೂನಲ್ಲಿದೆ. ಮುಂದೇನು ಅಂತ ಕೇಳಿದರೆ ಗೈಡ್ ಸರ್ ‘ಮೊದಲು ಥೀಸಿಸ್ ಮುಗಿಸು, ಕೆಲಸ ತಾನಾಗೇ ಬರುತ್ತೆ’ ಅಂತಾರೆ. ನನಗೆ ಕಂಪನಿ ಕೆಲಸದ ಮೇಲೆ ಮನಸ್ಸಿದೆ. ಹೇಳೋಕೆ ಭಯ. ಸಂಶೋಧನೆಯಲ್ಲಿ ಆಸಕ್ತಿ ಇಲ್ಲ ಅಂದುಕೊಂಡುಬಿಟ್ಟರೆ ನಾಳೆ ರೆಫರೆನ್ಸ್ ಲೆಟರ್ ಗತಿ ಏನು? ನನಗೆ 28 ಆಯ್ತು, ಮನೆಯಲ್ಲಿ ಮದುವೆ ಮಾತು ಶುರುವಾಗಿದೆ. ನಮ್ಮ ಲ್ಯಾಬಿನ ಸೀನಿಯರ್ ಒಬ್ಬರು ಡಿಗ್ರಿ ಸಿಕ್ಕಿ ಎರಡು ವರ್ಷವಾದರೂ ಅತಿಥಿ ಉಪನ್ಯಾಸಕರಾಗಿಯೇ ಇದ್ದಾರೆ. ಅವರನ್ನು ನೋಡಿದರೆ ಹೆದರಿಕೆ ಆಗುತ್ತೆ. ಒಂದು ವೆಬಿನಾರ್‌ನಲ್ಲಿ ‘ಐಡಿಪಿ, ಅಂದರೆ ನಿಮ್ಮದೇ ಬೆಳವಣಿಗೆಯ ಯೋಜನೆ, ಬರೆಯಿರಿ’ ಅಂದರು. ಅದರಿಂದ ನಿಜವಾಗಿ ಉಪಯೋಗ ಇದೆಯಾ, ಇಲ್ಲಾ ತುಂಬಿಸೋಕೆ ಇನ್ನೊಂದು ಫಾರ್ಮಾ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆ ಒಟ್ಟಿಗೆ ಹೆಣೆದುಕೊಂಡಿವೆ. ಥೀಸಿಸ್ ಮುಗಿಯುವ ಮೊದಲು ಕೆಲಸದ ಯೋಚನೆ ಮಾಡಬಹುದಾ? ಗೈಡ್ ಹತ್ತಿರ ಹೇಳಬಹುದಾ? ಕಂಪನಿಗೆ ಹೋಗೋದು ಹಿಂದೆ ಸರಿದ ಹಾಗಾ? ಮದುವೆ ಆದರೆ ಇದೆಲ್ಲಾ ಏನಾಗುತ್ತೆ? ಬಿಡಿಸಿ ನೋಡಿದರೆ ಒಂದೊಂದಕ್ಕೂ ದಾರಿ ಇದೆ. ಎಲ್ಲಕ್ಕಿಂತ ಮೊದಲು ನಿಮ್ಮ ಕೈಯಲ್ಲಿ ಎಷ್ಟು ಸಮಯ ಇದೆ ಅಂತ ನೋಡೋಣ. ಉಳಿದ ಮಾತೆಲ್ಲಾ ಅದರ ಮೇಲೇ ನಿಂತಿದೆ.

ಜೆಆರ್‌ಎಫ್ ಎರಡು ವರ್ಷ, ಆಮೇಲೆ ಎಸ್‌ಆರ್‌ಎಫ್ (ಸೀನಿಯರ್ ಫೆಲೋಶಿಪ್) ಮೂರು ವರ್ಷ, ಒಟ್ಟು ಐದು. 2023ರ ಜನವರಿಯಿಂದ ಜೆಆರ್‌ಎಫ್‌ಗೆ ತಿಂಗಳಿಗೆ 37,000, ಎಸ್‌ಆರ್‌ಎಫ್‌ಗೆ 42,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಯುಜಿಸಿಯ 2022ರ ನಿಯಮದಲ್ಲಿ ಪಿಎಚ್.ಡಿಗೆ ಆರು ವರ್ಷ ಇದೆ. ಅಂದರೆ ನಿಯಮ ಆರು ವರ್ಷ ಕೊಡುತ್ತೆ, ದುಡ್ಡು ಐದೇ ವರ್ಷ ಬರುತ್ತೆ. ಆ ಆರನೇ ವರ್ಷದಲ್ಲೇ ಸುಮಾರು ಜನ ಸಿಕ್ಕಿಬೀಳೋದು. ಪ್ರಯೋಗ ಮುಗಿದಿರುತ್ತೆ, ಬರವಣಿಗೆ ಅರ್ಧ ಆಗಿರುತ್ತೆ, ಫೆಲೋಶಿಪ್ ನಿಂತಿರುತ್ತೆ. ಹತ್ತಿರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿ ಸೇರ್ತಾರೆ, ವಾರವೆಲ್ಲಾ ಪಾಠ, ಥೀಸಿಸ್ ಹಾಗೇ ಉಳಿಯುತ್ತೆ. ನಿಮ್ಮ ಸೀನಿಯರ್ ಕಥೆ ಹೀಗೇ ಶುರುವಾಗಿದ್ದರೆ ನನಗೆ ಆಶ್ಚರ್ಯ ಇಲ್ಲ.

ನಿಮಗೆ ಫೆಲೋಶಿಪ್ ಇನ್ನು ಒಂದೂವರೆ ವರ್ಷ ಇದೆ. ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಫೆಲೋಶಿಪ್ ಮುಗಿಯುವ ಎರಡು ಮೂರು ತಿಂಗಳ ಮುಂಚೆ ಥೀಸಿಸ್ ಸಲ್ಲಿಸಬೇಕು. ಅದಕ್ಕೂ ಮೊದಲು ಕಲೋಕ್ವಿಯಂ (ಸಲ್ಲಿಸುವ ಮುಂಚಿನ ಮಂಡನೆ), ಸಿನಾಪ್ಸಿಸ್ (ಥೀಸಿಸ್ ಸಾರಾಂಶ), ಕೃತಿಚೌರ್ಯ ತಪಾಸಣೆ, ನೋ ಡ್ಯೂ ಸರ್ಟಿಫಿಕೇಟ್. ಇವಕ್ಕೆ ಎರಡು ಮೂರು ತಿಂಗಳು ಹಿಡಿದೇ ಹಿಡಿಯುತ್ತೆ. ಬರೆಯೋಕೆ ನಾಲ್ಕು ತಿಂಗಳು. ಹಾಗಾದರೆ ಲ್ಯಾಬಿನಲ್ಲಿ ಹೊಸ ಪ್ರಯೋಗಕ್ಕೆ ನಿಮಗೆ ಉಳಿದಿರೋದು ಎಂಟೊಂಬತ್ತು ತಿಂಗಳು ಅಷ್ಟೇ. ಒಂದೂವರೆ ವರ್ಷ ಅಂದಾಗ ಇದ್ದ ಧೈರ್ಯ ಈಗ ಸ್ವಲ್ಪ ಕಡಿಮೆ ಆಯ್ತಲ್ವಾ? ಹೆದರಿಸೋಕೆ ಹೇಳ್ತಿಲ್ಲ. ಈ ಲೆಕ್ಕ ಕಾಗದದ ಮೇಲೆ ಬರುವವರೆಗೆ ಗೈಡ್‌ಗೂ ಕಾಣಲ್ಲ, ನಿಮಗೂ ಕಾಣಲ್ಲ. ಸಲ್ಲಿಸಿದ ಆರು ತಿಂಗಳೊಳಗೆ ಮೌಲ್ಯಮಾಪನ ಮುಗಿಯುವಂತೆ ನೋಡಿಕೊಳ್ಳಬೇಕು ಅಂತ ಯುಜಿಸಿಯ ಅದೇ ನಿಯಮದಲ್ಲಿದೆ. ಪರೀಕ್ಷಕರು ವರದಿ ಕಳಿಸೋದು ತಡವಾಗಿ ಇನ್ನೂ ಮುಂದಕ್ಕೆ ಹೋಗಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆ ಅವಧಿಯಲ್ಲಿ ನಿಮಗೆ ಆದಾಯ ಎಲ್ಲಿಂದ? ಕೆಲಸದ ಯೋಚನೆ ಈಗಲೇ ಯಾಕೆ ಅನ್ನೋದಕ್ಕೆ ನನ್ನ ಉತ್ತರ ಇದು.

‘ಮೊದಲು ಮುಗಿಸು, ಕೆಲಸ ತಾನಾಗೇ ಬರುತ್ತೆ’ ಅನ್ನೋ ಮಾತು ಒಂದು ಕಾಲದಲ್ಲಿ ಸುಳ್ಳಾಗಿರಲಿಲ್ಲ. ನಿಮ್ಮ ಗೈಡ್ ಪಿಎಚ್.ಡಿ ಮುಗಿಸಿದಾಗ ಬಹುಶಃ ಹಾಗೇ ಆಗಿತ್ತು. ಅವರು ಕೆಟ್ಟವರು ಅಂತಲ್ಲ, ಅವರು ನಡೆದು ಬಂದದ್ದು ಒಂದೇ ದಾರಿ. ಈಗ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ನೇಮಕಾತಿ ನೋಡಿ. 2015ರ ಅಧಿಸೂಚನೆ ಆದ ಮೇಲೆ ಮತ್ತೆ ಸಹಾಯಕ ಪ್ರಾಧ್ಯಾಪಕರ ಹುದ್ದೆಗಳಿಗೆ ದೊಡ್ಡ ಅಧಿಸೂಚನೆ ಬಂದದ್ದು 2021ರಲ್ಲಿ, ಎಲ್ಲಾ ವಿಷಯ ಸೇರಿ 1,242 ಹುದ್ದೆ. ನಡುವೆ ಪಿಎಚ್.ಡಿ ಮುಗಿಸಿದವರು ಕಾದರು, ಅಷ್ಟೇ. ಹುದ್ದೆ ಬಂದಾಗ ಸಿಗಬಹುದು, ಆದರೆ ಯಾವಾಗ ಬರುತ್ತೆ ಅನ್ನೋದು ನಿಮ್ಮ ಕೈಯಲ್ಲೂ ಇಲ್ಲ, ಗೈಡ್ ಕೈಯಲ್ಲೂ ಇಲ್ಲ.

ಇನ್ನೊಂದು ಕಾರಣ ಇದೆ, ಅದನ್ನೂ ಹೇಳಬೇಕು. ವ್ಯವಸ್ಥೆ ಗೈಡ್‌ಗಳನ್ನು ಅಳೆಯೋದು ಪೇಪರ್, ಪ್ರಾಜೆಕ್ಟ್, ಎಷ್ಟು ವಿದ್ಯಾರ್ಥಿಗಳು ಥೀಸಿಸ್ ಕೊಟ್ಟರು ಅನ್ನೋದರ ಮೇಲೆ. ಆ ವಿದ್ಯಾರ್ಥಿಗಳು ಆಮೇಲೆ ಎಲ್ಲಿದ್ದಾರೆ ಅಂತ ಯಾರೂ ಕೇಳಲ್ಲ. ಪ್ರೊಫೆಸರ್ ಆದರೆ ಒಮ್ಮೆಗೆ ಎಂಟು, ಅಸೋಸಿಯೇಟ್ ಆದರೆ ಆರು, ಅಸಿಸ್ಟೆಂಟ್ ಆದರೆ ನಾಲ್ಕು ವಿದ್ಯಾರ್ಥಿಗಳವರೆಗೆ ಮಾರ್ಗದರ್ಶನ ಮಾಡಬಹುದು. ಎಂಟು ಜನರ ಪ್ರಯೋಗ, ಎಂಟು ಡ್ರಾಫ್ಟ್, ಜೊತೆಗೆ ಪಾಠ, ವಿಶ್ವವಿದ್ಯಾಲಯದ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಕೊಡುವ ಫೈಲು. ಇದರ ನಡುವೆ ‘ನಿನ್ನ ಮುಂದಿನ ಯೋಜನೆ ಏನಮ್ಮಾ’ ಅಂತ ಅವರಾಗಿ ಕೇಳಲಿ ಅಂತ ಕಾದರೆ ಕಾಯುತ್ತಲೇ ಇರಬೇಕಾಗುತ್ತೆ. ಮಾತು ನೀವೇ ತೆಗೆಯಬೇಕು. ಅದಕ್ಕೆ ಐಡಿಪಿ ಒಳ್ಳೆಯ ನೆಪ.

ಐಡಿಪಿ ಅಂದರೆ ವೈಯಕ್ತಿಕ ಬೆಳವಣಿಗೆಯ ಯೋಜನೆ. ಇದನ್ನು ಸಂಶೋಧಕರ ನಡುವೆ ಬಳಕೆಗೆ ತಂದದ್ದು ಅಮೆರಿಕದವರು. ಅಲ್ಲಿನ ಜೀವವಿಜ್ಞಾನ ಸಂಘಗಳ ಒಕ್ಕೂಟ ಫಾಸೆಬ್ 2003ರಲ್ಲಿ ಪೋಸ್ಟ್‌ಡಾಕ್‌ಗಳಿಗಾಗಿ (ಪಿಎಚ್.ಡಿ ಮುಗಿಸಿ ಸಂಶೋಧನೆ ಮುಂದುವರಿಸುವವರಿಗೆ) ಒಂದು ನಮೂನೆ ಮಾಡಿತು. 2012ರಲ್ಲಿ ಸೈನ್ಸ್ ಪತ್ರಿಕೆಯ ವೃತ್ತಿ ವಿಭಾಗ ‘ಮೈಐಡಿಪಿ’ ಅನ್ನೋ ಉಚಿತ ಆನ್‌ಲೈನ್ ಸಾಧನ ತಂದಿತು. ಮರುವರ್ಷ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್, ತನ್ನ ಹಣದಲ್ಲಿ ಕಲಿಯುವ ಸಂಶೋಧನಾ ವಿದ್ಯಾರ್ಥಿಗಳಿಗೂ ಪೋಸ್ಟ್‌ಡಾಕ್‌ಗಳಿಗೂ ಇಂಥ ಯೋಜನೆ ಇರಲಿ ಅಂತ ಸಂಸ್ಥೆಗಳಿಗೆ ಹೇಳಿತು. ಮೈಐಡಿಪಿಯಲ್ಲಿ ನಿಮ್ಮ ಕೌಶಲ, ಆಸಕ್ತಿ, ನಿಮಗೆ ಮುಖ್ಯವಾದ ಸಂಗತಿಗಳು ಇವುಗಳ ಬಗ್ಗೆ ಪ್ರಶ್ನೆ ಕೇಳಿ, ಯಾವ ಯಾವ ಕೆಲಸಕ್ಕೆ ಹೊಂದಬಹುದು ಅಂತ ತೋರಿಸುತ್ತೆ. ಒಂದು ಸಂಜೆ ಕೂತು ಮಾಡಿ ನೋಡಿ. ಆದರೆ ಅದರ ಪಟ್ಟಿ ಅಮೆರಿಕದ ಮಾರುಕಟ್ಟೆ ನೋಡಿ ಮಾಡಿದ್ದು. ಅಲ್ಲಿ ಬಂದ ಉತ್ತರವನ್ನೇ ಪೂರ್ತಿ ನಂಬಬೇಡಿ, ಕೇಳುವ ಪ್ರಶ್ನೆಗಳನ್ನು ಮಾತ್ರ ಇಟ್ಟುಕೊಳ್ಳಿ.

ಫಾರ್ಮ್ ಅಂತ ತುಂಬಿಸಿದರೆ ಅದು ಫಾರ್ಮೇ. ನೀವು ಕೇಳಿದ ಅನುಮಾನ ಸರಿಯಾಗೇ ಇದೆ. ‘ಸಂವಹನ ಕೌಶಲ ಹೆಚ್ಚಿಸಿಕೊಳ್ಳುವುದು’ ಅಂತ ಬರೆದ ಐಡಿಪಿಗಳನ್ನು ನಾನು ಓದಿದ್ದೇನೆ. ಅವು ಯಾರಿಗೂ ಉಪಯೋಗ ಆಗಿಲ್ಲ. ನಿಮ್ಮದು ಹೀಗಿರಲಿ: ‘ಅಕ್ಟೋಬರ್ ಒಳಗೆ ಎಚ್‌ಪಿಎಲ್‌ಸಿಯಲ್ಲಿ ಮೆಥಡ್ ವ್ಯಾಲಿಡೇಶನ್ ನಾನೇ ಒಂದು ಸಲ ಪೂರ್ತಿ ಮಾಡಬೇಕು. ಪಕ್ಕದ ಫಾರ್ಮಸಿ ಕಾಲೇಜಿನಲ್ಲಿ ಕಲಿಸುವವರಿದ್ದಾರೆ, ಗೈಡ್ ಸರ್ ಫೋನ್ ಮಾಡಿಕೊಡಬೇಕು.’ (ಎಚ್‌ಪಿಎಲ್‌ಸಿ ಅಂದರೆ ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ, ಮೆಥಡ್ ವ್ಯಾಲಿಡೇಶನ್ ಅಂದರೆ ಅಳತೆಯ ವಿಧಾನ ಸರಿ ಇದೆ ಅಂತ ಪರೀಕ್ಷಿಸಿ ತೋರಿಸೋದು.) ಏನು, ಯಾವಾಗ, ಯಾರ ಸಹಾಯ, ಈ ಮೂರೂ ಒಂದೇ ಸಾಲಿನಲ್ಲಿ ಇರಲಿ. ಇಂಥ ಐದಾರು ಸಾಲು ಸಾಕು. ಎರಡು ಪುಟ ದಾಟಿದರೆ ಯಾರೂ ಓದಲ್ಲ.

ಕಂಪನಿ ಮಾತಿಗೆ ಬರೋಣ. ‘ಪಿಎಚ್.ಡಿ ಮಾಡಿ ಕಂಪನಿಗೆ ಹೋದರೆ ಓದಿದ್ದು ವ್ಯರ್ಥ’ ಅನ್ನೋದು ಶುದ್ಧ ತಪ್ಪು. ‘ಪಿಎಚ್.ಡಿ ಇದ್ದರೆ ಕಂಪನಿಯವರು ಕಣ್ಣುಮುಚ್ಚಿ ತಗೋತಾರೆ’ ಅನ್ನೋದೂ ಅಷ್ಟೇ ತಪ್ಪು. ಬೆಂಗಳೂರಿನ ಸಿಂಜೀನ್, ಆಂಥಮ್, ಆರಿಜೀನ್ ಥರದ ಔಷಧ ಸಂಶೋಧನಾ ಕಂಪನಿಗಳಲ್ಲಿ ಬೆಂಚ್ ಕೆಲಸದ (ಲ್ಯಾಬಿನಲ್ಲಿ ಕೈಯಾರೆ ಮಾಡುವ ಪ್ರಯೋಗದ) ದೊಡ್ಡ ಭಾಗ ಎಂಎಸ್ಸಿ ಮಾಡಿದವರು ಮಾಡುತ್ತಾರೆ. ಪಿಎಚ್.ಡಿಯವರನ್ನು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ತಗೊಳ್ಳೋದು, ಆ ಮೆಟ್ಟಿಲಿನಲ್ಲಿ ಜಾಗ ಕಡಿಮೆ. ಅಲ್ಲಿ ನಿಮ್ಮ ಪೇಪರಿನ ಇಂಪ್ಯಾಕ್ಟ್ ಫ್ಯಾಕ್ಟರ್ ಮೊದಲು ಕೇಳಲ್ಲ. ಪ್ರೋಟೀನ್ ಶುದ್ಧೀಕರಣ ಯಾವ ಕಾಲಮ್‌ನಲ್ಲಿ ಮಾಡಿದಿರಿ, ಎಷ್ಟು ಗ್ರಾಂ ಬೀಜದಿಂದ ಎಷ್ಟು ಮಿಲಿಗ್ರಾಂ ಬಂತು, ಯೀಲ್ಡ್ ಬಿದ್ದಾಗ ಏನು ಮಾಡಿದಿರಿ ಅಂತ ಕೇಳ್ತಾರೆ.

ನಿಮ್ಮ ಲ್ಯಾಬ್ ನೋಟ್‌ಬುಕ್ ಒಮ್ಮೆ ತೆಗೆದು ನೋಡಿ. ತಪ್ಪು ಬರೆದ ಕಡೆ ಏನು ಮಾಡಿದ್ದೀರಿ? ಗೀಚಿ ಹಾಕಿದ್ದೀರಾ, ವೈಟ್ನರ್ ಹಚ್ಚಿದ್ದೀರಾ? ಗುಣಮಟ್ಟದ ನಿಯಮಗಳ ಕೆಳಗೆ ನಡೆಯುವ ಲ್ಯಾಬಿನಲ್ಲಿ ವೈಟ್ನರ್ ನಡೆಯೋದೇ ಇಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೀಬೇಕು, ಕೆಳಗಿನ ಅಂಕಿ ಓದೋ ಹಾಗಿರಬೇಕು, ಪಕ್ಕದಲ್ಲಿ ಸಹಿ, ದಿನಾಂಕ, ಕಾರಣ. ಮೂಲ ಡೇಟಾ ಯಾವತ್ತೂ ಮಾಯವಾಗಬಾರದು. ಇದನ್ನು ನಾಳೆಯಿಂದಲೇ ಶುರು ಮಾಡಬಹುದು, ಯಾರ ಅಪ್ಪಣೆಯೂ ಬೇಡ, ದುಡ್ಡೂ ಬೇಡ. ಇಂಟರ್‌ವ್ಯೂನಲ್ಲಿ ‘ನಮ್ಮ ಲ್ಯಾಬ್‌ಗೆ ಜಿಎಲ್‌ಪಿ (ಉತ್ತಮ ಪ್ರಯೋಗಾಲಯ ಪದ್ಧತಿಯ ಮಾನ್ಯತೆ) ಇಲ್ಲ, ಆದರೆ ನಾನು ಒಂದು ವರ್ಷದಿಂದ ಹೀಗೇ ಬರೆಯುತ್ತಿದ್ದೇನೆ’ ಅಂತ ಹೇಳಿದರೆ ಎದುರಿಗೆ ಕೂತವರಿಗೆ ನೀವು ಎಂಥ ಕೆಲಸಗಾರ್ತಿ ಅಂತ ತಿಳಿಯುತ್ತೆ. ನಿಮ್ಮ ಥೀಸಿಸ್‌ಗೂ ಇದರಿಂದ ಒಳ್ಳೆಯದೇ.

ನಿಮ್ಮ ವಿಷಯಕ್ಕೆ ಇನ್ನೊಂದು ಬಾಗಿಲೂ ಇದೆ, ಅದು ನಿಮಗೆ ಹೊಳೆದ ಹಾಗಿಲ್ಲ. ಕಾಯಿಕೊರಕ ಅಂದರೆ ಬೀಜ ಕಂಪನಿಗಳು, ಜೈವಿಕ ಕೀಟನಾಶಕ ಮಾಡುವವರು, ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯ. ಔಷಧ ಕಂಪನಿಗಳ ಸಾಲಿನಲ್ಲಿ ನೀವು ನೂರು ಜನರ ನಡುವೆ ಇನ್ನೊಬ್ಬರು ಅಷ್ಟೇ. ಇಲ್ಲಿ ನೀವು ತೊಗರಿ ಬೆಳೆಯುವ ನಾಡಿನಿಂದ ಬಂದವರು, ಹೊಲದಲ್ಲಿ ಹುಳು ನೋಡಿದವರು, ಬೆಂಚಿನ ಮೇಲೆ ಅದರ ಎಂಜೈಮ್ ಅಳೆದವರು. ಅಂಥವರು ಜಾಸ್ತಿ ಇಲ್ಲ. ಬರವಣಿಗೆ ಮೇಲೆ ಒಲವಿದ್ದರೆ ಪೇಟೆಂಟ್ ಕೆಲಸವನ್ನೂ ನೋಡಿ. ವಿಜ್ಞಾನದ ಪದವಿ ಇರುವ, 21 ವರ್ಷ ತುಂಬಿದ ಭಾರತದ ನಾಗರಿಕರು ಪೇಟೆಂಟ್ ಏಜೆಂಟ್ ಪರೀಕ್ಷೆ ಬರೆಯಬಹುದು. ಅದಕ್ಕೆ ಲ್ಯಾಬ್ ಬೇಡ, ಊರು ಬದಲಾದರೂ ಕೆಲಸ ಜೊತೆಗೇ ಬರುತ್ತೆ. ಬೆಂಚ್ ಬಿಟ್ಟರೆ ಮತ್ತೆ ಬೆಂಚಿಗೆ ಬರೋದು ಕಷ್ಟ, ಅದು ಅದರ ಅಪಾಯ.

ಪೋಸ್ಟ್‌ಡಾಕ್ ಬಗ್ಗೆ ನೀವು ಕೇಳಿಲ್ಲ, ಆದರೂ ಬಾಗಿಲು ಮುಚ್ಚಬೇಡಿ ಅಂತೀನಿ. ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್‌ಗೆ ವಯಸ್ಸಿನ ಮಿತಿ 35. ಮಹಿಳೆಯರಿಗೆ ಇನ್ನೂ ಐದು ವರ್ಷ ಸಡಿಲಿಕೆ ಇದೆ. ಥೀಸಿಸ್ ಸಲ್ಲಿಸಿ ಡಿಗ್ರಿಗೆ ಕಾಯುತ್ತಿರುವವರೂ ಅರ್ಜಿ ಹಾಕಬಹುದು. ಮೇಲೆ ಹೇಳಿದ ಆ ಖಾಲಿ ಅವಧಿಗೆ ಇದು ಒಳ್ಳೆಯ ಆಸರೆ. ಅರ್ಜಿ ಕರೆದಾಗ ಆ ವರ್ಷದ ಅಧಿಸೂಚನೆ ಓದಿಕೊಳ್ಳಿ. ಇನ್ನು ಪಾಠದ ಕಡೆ. ಕೆಸೆಟ್ (ಉಪನ್ಯಾಸಕರಾಗಲು ರಾಜ್ಯ ನಡೆಸುವ ಅರ್ಹತಾ ಪರೀಕ್ಷೆ) ಬರೆಯಿರಿ ಅನ್ನೋ ಸಲಹೆ ನಿಮಗೆ ಬೇಡ, ಜೆಆರ್‌ಎಫ್ ಪಾಸಾದಾಗಲೇ ನಿಮಗೆ ನೆಟ್, ಅಂದರೆ ರಾಷ್ಟ್ರಮಟ್ಟದ ಅಂಥದ್ದೇ ಪರೀಕ್ಷೆಯ ಅರ್ಹತೆ ಸಿಕ್ಕಿದೆ. 2023ರ ಜುಲೈನಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ ಆಗಿದೆ, ಆ ಕಾಗದ ಜೋಪಾನ. ಕಲ್ಯಾಣ ಕರ್ನಾಟಕದವರಾದ್ದರಿಂದ 371(ಜೆ) ಪ್ರಮಾಣಪತ್ರವನ್ನೂ (ಸರ್ಕಾರಿ ಹುದ್ದೆಗಳಲ್ಲಿ ಆ ಭಾಗದವರ ಮೀಸಲಾತಿಗೆ ಬೇಕಾದದ್ದು) ಈಗಲೇ ಮಾಡಿಸಿಟ್ಟುಕೊಳ್ಳಿ. ಅಧಿಸೂಚನೆ ಬಂದ ಮೇಲೆ ಕಚೇರಿಯಿಂದ ಕಚೇರಿಗೆ ಓಡಾಡುವವರನ್ನು ನೋಡಿ ಹೇಳ್ತಿದ್ದೇನೆ.

ಒಂದು ದಾರಿಯ ಬಗ್ಗೆ ಮಾತ್ರ ಗಟ್ಟಿಯಾಗಿ ಬೇಡ ಅಂತೀನಿ. ಥೀಸಿಸ್ ಸಲ್ಲಿಸುವ ಮೊದಲೇ ಕೆಲಸ ಸಿಕ್ಕಿತು ಅಂತ ಸೇರಿಬಿಡೋದು. ‘ವಾರಾಂತ್ಯದಲ್ಲಿ ಬರೀತೀನಿ’ ಅಂತ ಹೋದವರಲ್ಲಿ ಬಹಳ ಜನ ಬರೆಯಲಿಲ್ಲ. ಫೆಲೋಶಿಪ್ ಬಿಡಬೇಕಾಗುತ್ತೆ. ಪಾರ್ಟ್‌ಟೈಮ್‌ಗೆ ಬದಲಾಯಿಸಿಕೊಳ್ಳಲು ವಿಶ್ವವಿದ್ಯಾಲಯ ಒಪ್ಪಬೇಕು, ಕಂಪನಿ ಎನ್‌ಒಸಿ ಕೊಡಬೇಕು. ಮನೆಯಲ್ಲಿ ದುಡ್ಡಿನ ತುರ್ತು ಇದ್ದರೆ ಮಾತು ಬೇರೆ. ಇಲ್ಲದಿದ್ದರೆ ಕಂಪನಿಯವರ ಹತ್ತಿರ ಸೇರುವ ದಿನಾಂಕವನ್ನು ಮುಂದಕ್ಕೆ ಕೇಳಿ. ಒಳ್ಳೆಯ ಅಭ್ಯರ್ಥಿ ಬೇಕಿದ್ದರೆ ಎರಡು ಮೂರು ತಿಂಗಳು ಕಾಯ್ತಾರೆ.

ಈಗ ನಿಮ್ಮ ನಿಜವಾದ ಭಯ. ಗೈಡ್‌ಗೆ ಹೇಳಿದರೆ ಸಂಬಂಧ ಕೆಡುತ್ತಾ? ಎಂದಿಗೂ ಕೆಡಲ್ಲ ಅಂತ ನಾನು ಸುಳ್ಳು ಹೇಳಲ್ಲ. ಕೆಲವರು ಬೇಜಾರು ಮಾಡಿಕೊಳ್ತಾರೆ. ಆದರೆ ಗೈಡ್‌ಗಳಿಗೆ ಹೆಚ್ಚು ಬೇಜಾರಾಗೋದು ವಿದ್ಯಾರ್ಥಿ ಕಂಪನಿಗೆ ಹೋಗ್ತಾಳೆ ಅನ್ನೋದರಿಂದ ಅಲ್ಲ. ಬೇರೆಯವರ ಬಾಯಿಂದ ಕೇಳಿದರೆ ನೋವಾಗುತ್ತೆ, ಪೇಪರ್ ಅರ್ಧಕ್ಕೆ ನಿಲ್ಲುತ್ತೆ ಅನ್ನಿಸಿದರೆ ಸಿಟ್ಟು ಬರುತ್ತೆ. ಹಾಗಾಗಿ ಮೊದಲು ಥೀಸಿಸ್ ಲೆಕ್ಕ ಮುಂದಿಡಿ, ಆಮೇಲೆ ಕೆಲಸದ ಮಾತು. ಡೇಟಾ ತೋರಿಸೋಕೆ ಹೋದಾಗ ಬಾಗಿಲಲ್ಲಿ ನಿಂತು ಹೇಳಬೇಡಿ. ಬೇರೆ ಸಮಯ ಕೇಳಿ. ‘ಸರ್, ಸಬ್ಮಿಷನ್‌ವರೆಗಿನ ಪ್ಲಾನ್ ಒಂದು ಪುಟದಲ್ಲಿ ಬರೆದಿದ್ದೀನಿ. ಅರ್ಧ ಗಂಟೆ ಕೊಟ್ಟರೆ ನೋಡಿ ತಿದ್ದಿಕೊಡ್ತೀರಾ?’ ಇದಕ್ಕೆ ಬೇಡ ಅನ್ನುವ ಗೈಡ್ ಅಪರೂಪ. ಆ ಪುಟದ ಕೊನೆಯಲ್ಲಿ ಎರಡು ಸಾಲು ಇರಲಿ: ಸಬ್ಮಿಷನ್ ಆದ ಮೇಲೆ ಕೃಷಿ ಬಯೋಟೆಕ್ ಕಂಪನಿ ಅಥವಾ ಪೋಸ್ಟ್‌ಡಾಕ್, ಎರಡನ್ನೂ ಪ್ರಯತ್ನಿಸಬೇಕು ಅಂತಿದ್ದೇನೆ, ನಿಮಗೆ ಗೊತ್ತಿರುವವರು ಇದ್ದರೆ ಹೇಳಿ. ನಿರ್ಧಾರ ಅಂತ ಹೇಳಬೇಡಿ, ಸಲಹೆ ಅಂತ ಕೇಳಿ. ಅದು ನಾಟಕವೂ ಅಲ್ಲ, ನಿಮಗೆ ನಿಜವಾಗಿಯೂ ಸಲಹೆ ಬೇಕಿದೆ. ಮೈಐಡಿಪಿಯಲ್ಲಿ ಬರೆದದ್ದೆಲ್ಲಾ ಅವರಿಗೆ ತೋರಿಸಬೇಕಿಲ್ಲ. ಅದು ನಿಮ್ಮದು.

ಅವರು ಆಗಲೂ ‘ಅದೆಲ್ಲಾ ಆಮೇಲೆ’ ಅಂದರೆ? ಥೀಸಿಸ್ ಲೆಕ್ಕಕ್ಕಾದರೂ ಒಪ್ಪಿಗೆ ಸಿಕ್ಕಿರುತ್ತಲ್ಲ, ಅದನ್ನು ಅವತ್ತೇ ಮೇಲ್ ಮಾಡಿಬಿಡಿ: ‘ಸರ್, ಇವತ್ತು ಮಾತಾಡಿದ ಹಾಗೆ...’ ಅಂತ. ಮುಂದೆ ಆರ್‌ಎಸಿ ಇದೆ. ಸಂಶೋಧನಾ ಸಲಹಾ ಸಮಿತಿ ಮುಂದೆ ಪ್ರತಿ ಸೆಮಿಸ್ಟರ್ ಪ್ರಗತಿ ಮಂಡಿಸಬೇಕು, ಸಮಿತಿಯ ಶಿಫಾರಸಿನ ಪ್ರತಿ ನಿಮಗೂ ಕೊಡಬೇಕು ಅಂತ ನಿಯಮ ಇದೆ. ಹಲವು ಕಡೆ ಅದು ಟೀ ಬಿಸ್ಕತ್ ಜೊತೆ ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತೆ. ನಿಮ್ಮ ಕೊನೆಯ ಸ್ಲೈಡಿನಲ್ಲಿ ಪ್ರಯೋಗ ನಿಲ್ಲಿಸುವ ತಿಂಗಳು, ಕಲೋಕ್ವಿಯಂ ತಿಂಗಳು, ಸಲ್ಲಿಸುವ ತಿಂಗಳು ಹಾಕಿ. ಸಮಿತಿ ಒಪ್ಪಿ ಬರೆದರೆ ಆ ದಿನಾಂಕ ನಿಮ್ಮೊಬ್ಬರದಲ್ಲ.

ರೆಫರೆನ್ಸ್ ಲೆಟರ್ ವಿಷಯದಲ್ಲಿ ಗೈಡ್ ಒಬ್ಬರನ್ನೇ ನೆಚ್ಚಿಕೊಳ್ಳಬೇಡಿ. ಎಷ್ಟೋ ಕಡೆ ಮೂರು ಹೆಸರು ಕೇಳ್ತಾರೆ. ಆರ್‌ಎಸಿ ಸದಸ್ಯರೊಬ್ಬರು, ನಿಮಗೆ ಹುಳುವಿನ ಮರಿ ಕೊಟ್ಟ ಅಥವಾ ಯಂತ್ರ ಬಳಸೋಕೆ ಬಿಟ್ಟ ಬೇರೆ ಸಂಸ್ಥೆಯವರು, ನಿಮ್ಮ ಪೇಪರಿನ ಸಹಲೇಖಕರು. ನಿಮ್ಮ ಕೈಕೆಲಸ ಕಣ್ಣಾರೆ ನೋಡಿದವರು ಬರೆದ ಅರ್ಧ ಪುಟ, ದೊಡ್ಡ ಹೆಸರಿನವರು ಸುಮ್ನೆ ಬರೆದ ಎರಡು ಪುಟಕ್ಕಿಂತ ಮೇಲು. ಇವರ ಜೊತೆ ಈಗಿನಿಂದಲೇ ಸಂಪರ್ಕ ಇಟ್ಟುಕೊಳ್ಳಿ, ರಿಸಲ್ಟ್ ಬಂದಾಗ ನಾಲ್ಕು ಸಾಲು ಮೇಲ್ ಮಾಡಿ. ಲೆಟರ್ ಬೇಕಾದ ವಾರ ಮಾತ್ರ ನೆನಪಾಗಬಾರದು.

ಇದನ್ನು ಓದುತ್ತಿರುವ ಗೈಡ್‌ಗಳಿಗೂ ಒಂದೆರಡು ಮಾತು, ನಾನೂ ನಿಮ್ಮ ಸಾಲಿನವಳೇ. ವರ್ಷಕ್ಕೆ ಒಂದು ಸಲ ಡೇಟಾ ಪಕ್ಕಕ್ಕಿಟ್ಟು ಒಬ್ಬೊಬ್ಬ ವಿದ್ಯಾರ್ಥಿ ಜೊತೆ ಮುಕ್ಕಾಲು ಗಂಟೆ ಕೂರಿ. ಕಂಪನಿ ಕೆಲಸದ ಬಗ್ಗೆ ಗೊತ್ತಿಲ್ಲ ಅಂದರೆ ಗೊತ್ತಿಲ್ಲ ಅನ್ನಿ, ಅದರಲ್ಲಿ ಮರ್ಯಾದೆ ಹೋಗಲ್ಲ. ನಿಮ್ಮ ಹಳೇ ವಿದ್ಯಾರ್ಥಿಗಳ ನಂಬರ್ ನಿಮ್ಮ ಫೋನಿನಲ್ಲಿದೆ, ಅದನ್ನು ಕೊಡಿ. ಯಾವ ಪೇಪರಿನಲ್ಲಿ ಯಾರ ಹೆಸರು ಮೊದಲು ಅನ್ನೋದನ್ನು ಪ್ರಯೋಗ ಶುರುವಾಗುವಾಗಲೇ ಹೇಳಿ. ಕೊನೆಯ ವರ್ಷದ ಹುಡುಗಿಯ ಕೈಯಿಂದ ನ್ಯಾಕ್ ಫೈಲ್ ಮಾಡಿಸಬೇಡಿ. ಆ ಮೂರು ವಾರ ಅವಳ ಫೆಲೋಶಿಪ್ ಲೆಕ್ಕದಲ್ಲಿ ಹೋಗುತ್ತೆ.

ಮದುವೆ ವಿಷಯ ನಿಮ್ಮ ಮನೆಯದು, ಆಗಬೇಕು ಬೇಡ ಅಂತ ನಾನು ಹೇಳೋದಲ್ಲ. ನಿಯಮ ಏನು ಹೇಳುತ್ತೆ ಅನ್ನೋದು ಮಾತ್ರ ತಿಳಿದಿರಲಿ, ಮಾತುಕತೆಗೆ ಕೂತಾಗ ಬೇಕಾಗುತ್ತೆ. ಆರು ವರ್ಷದ ಮೇಲೆ ಮರುನೋಂದಣಿ ಮಾಡಿಸಿ ಎರಡು ವರ್ಷ ತಗೊಳ್ಳಬಹುದು, ಮಹಿಳೆಯರಿಗೆ ಅದರ ಮೇಲೆ ಇನ್ನೂ ಎರಡು ವರ್ಷ ಸಡಿಲಿಕೆ ಕೊಡಬಹುದು, ಒಟ್ಟು ಹತ್ತು ವರ್ಷ ದಾಟಬಾರದು. ಹೆರಿಗೆ ಅಥವಾ ಶಿಶುಪಾಲನಾ ರಜೆ 240 ದಿನದವರೆಗೆ ಸಿಗುತ್ತೆ. ಮದುವೆಯಾಗಿ ಬೇರೆ ಊರಿಗೆ ಹೋಗಬೇಕಾದರೆ ಸಂಶೋಧನೆಯ ಡೇಟಾವನ್ನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಿಕೊಳ್ಳಲು ಅವಕಾಶ ಇದೆ, ಆದರೆ ನಿಮ್ಮ ಕೆಲಸ ಈಗಿನ ಸಂಸ್ಥೆಗೆ ಮಂಜೂರಾದ ಪ್ರಾಜೆಕ್ಟಿನ ಭಾಗ ಆಗಿರಬಾರದು. ಇದು ನಿಮಗೆ ಅನ್ವಯಿಸುತ್ತಾ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಇಷ್ಟೆಲ್ಲಾ ಇದ್ದರೂ ನನ್ನ ಅಭಿಪ್ರಾಯ ಬೇಕಾದರೆ, ಮನೆಯವರ ಹತ್ತಿರ ‘ಇಂಥ ತಿಂಗಳು ಸಲ್ಲಿಸ್ತೀನಿ’ ಅಂತ ದಿನಾಂಕ ಹೇಳಿ ಸಮಯ ಕೇಳಿ. ‘ಇನ್ನೂ ಓದ್ತಿದ್ದೀನಿ’ ಅನ್ನೋ ಮಾತಿಗೆ ಅಪ್ಪ ಅಮ್ಮ ಕಾಯಲ್ಲ. ದಿನಾಂಕ ಹೇಳಿದರೆ ಬಹಳ ಸಲ ಕಾಯ್ತಾರೆ.

ನಿಮ್ಮ ಸೀನಿಯರ್ ಬಗ್ಗೆಯೂ ಯೋಚನೆ ಆಗುತ್ತಿದೆ. ಅವರ ದಾರಿ ಮುಚ್ಚಿಲ್ಲ. 35 ತುಂಬಿಲ್ಲದಿದ್ದರೆ ರಾಷ್ಟ್ರೀಯ ಪೋಸ್ಟ್‌ಡಾಕ್‌ಗೆ ಅರ್ಜಿ ಹಾಕಲಿ. ನೆಟ್ ಇಲ್ಲದಿದ್ದರೆ ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಕೆಸೆಟ್ ಬರೆಯಲಿ. ಥೀಸಿಸ್‌ನಲ್ಲಿ ಪೇಪರ್ ಆಗದೆ ಉಳಿದ ಚಾಪ್ಟರ್ ಇದ್ದರೆ ಈ ರಜೆಯಲ್ಲಿ ಗೈಡ್ ಜೊತೆ ಕೂತು ಅದನ್ನು ಕಳಿಸಲಿ. ಈ ಉತ್ತರವನ್ನು ಅವರಿಗೂ ಕಳಿಸಿ, ಪೋಸ್ಟ್‌ಡಾಕ್ ಬಗ್ಗೆ ಬರೆದ ಭಾಗಕ್ಕೆ ಗುರುತು ಹಾಕಿ.